ನಾಲ್ಕನೆಯ ಹೆಗಲು

"ಕೇಳ್ರಪ್ಪೋ ಕೇಳಿ. ತೀರಿಹೋದ ರಾಣಿಯವರು ಬಿಟ್ಟುಹೋದ ಮೂರು ಒಗಟು ಬಿಡಿಸಿದವನಿಗೆ ಕೇಳಿದ್ದನ್ನು ಕೊಡಲಾಗುವುದು, ಅರ್ಧ ರಾಜ್ಯ ಕೇಳಿದರೂ, ರಾಜಕುಮಾರಿಯನ್ನು ಕೇಳಿದರೂ. ಒಂದು ತಪ್ಪಿದರೂ ತಲೆ ಹೋಗುವುದು. ಗುರುತಿಲ್ಲದವರಿಗೆ ಅನ್ನ ನೀರು ಕೊಡಬಾರದೆಂಬ ಆಜ್ಞೆ ಮಾತ್ರ ಹಾಗೇ ಇರುವುದು."

ಹೀಗೆ ಡಂಗುರ ಸಾರಿದ್ದು ಕಡಗೂರಿನಲ್ಲಿ. ಅಲ್ಲಿನ ಕೋಟೆ ಎಷ್ಟು ಎತ್ತರವೆಂದರೆ, ಅದನ್ನು ದಾಟುವ ಕಾಗೆಗಳು ನಡುವೆ ಒಂದು ಕಡೆ ಕೂತು, ಬುತ್ತಿ ಬಿಚ್ಚಿ ಉಂಡು, ಆಮೇಲೆ ಮುಂದೆ ಹಾರುತ್ತಿದ್ದವು. ಒಗಟುಗಳ ಉತ್ತರ ಮೊಹರು ಹಾಕಿದ ತಾಳೆಗರಿಗಳಲ್ಲಿ, ಮಂತ್ರಿಯ ಪೆಟ್ಟಿಗೆಯಲ್ಲಿತ್ತು. ರಾಜ ಬೊಮ್ಮರಸನಿಗೂ ಅದು ತಿಳಿಯದು. ಹೆಂಡತಿಯ ಮನಸ್ಸಿನಲ್ಲಿ ಏನಿತ್ತೆಂದು ಗೊತ್ತಾಗದೆ ಏಳು ವರ್ಷದಿಂದ ಒದ್ದಾಡುತ್ತಿದ್ದ.

ಡಂಗುರ ಕೇಳಿ ಚಾಪೆ ಹೆಣೆಯುವ ಇನ್ನಾಸಪ್ಪ ಎದ್ದುನಿಂತ. ರಾಜ್ಯದ ಆಸೆಗಲ್ಲ. ಮೂರು ದಿನದ ಹಿಂದೆ ಜ್ವರದಲ್ಲಿ ನಡುಗುತ್ತಿದ್ದ ಒಬ್ಬ ಮುದುಕನನ್ನು ಅವನು ಮನೆಗೆ ಕರೆತಂದಿದ್ದ. ಬಂದವರು ಮೂರು ಊಟ ಉಣ್ಣುವವರೆಗೆ ಹೆಸರು, ಊರು, ಕುಲ ಕೇಳಬಾರದೆಂಬುದು ಆ ಮನೆಯ ಕಟ್ಟಳೆ. ಹಸಿದು ಬಾಗಿಲಿಗೆ ಬಂದವರು ಯೇಸುಸ್ವಾಮಿಯೇ ಆಗಿರಬಹುದೆಂದು ಚರ್ಚಿನ ಗುರುಗಳು ಪೂಜೆಯಲ್ಲಿ ಓದಿ ಹೇಳಿದ್ದರು. ಸ್ವಾಮಿಯನ್ನು ಯಾರಾದರೂ "ನಿನ್ನ ಹೆಸರೇನಯ್ಯಾ" ಅನ್ನುತ್ತಾರೆಯೇ ಎಂಬುದು ಅವನ ತಾಯಿ ಜ್ಞಾನಮ್ಮನ ವಾದ. ಎರಡನೇ ಊಟದ ಹೊತ್ತಿಗೆ ರಾಜಭಟರು ಬಂದು ಮುದುಕನನ್ನು ಸೆರೆಮನೆಗೆ ಎಳೆದೊಯ್ದರು, ಇನ್ನಾಸಪ್ಪನ ಬೆನ್ನಿಗೆ ಹನ್ನೆರಡು ಛಡಿ ಏಟು ಬಿಗಿದರು.

"ಹೋಗ್ತೀಯಾ ಮಗಾ? ಎಡಗಾಲು ಯಾವುದು ಅಂದರೆ ಎರಡು ಸಲ ಕೆಳಗೆ ನೋಡೋನು ನೀನು," ಎಂದಳು ಜ್ಞಾನಮ್ಮ.

"ಗೆದ್ದರೆ ಅವರನ್ನ ಬಿಡಿಸಿ ತರಬಹುದಲ್ಲವ್ವಾ."

"ಗೆಲ್ಲೋದು ನಿನ್ನ ಕೈಲಾಗದು. ಬಾ, ಕೂತ್ಕೊ." ಅವಳು ಎಣ್ಣೆ ಹಚ್ಚಿ ಅವನ ತಲೆ ಬಾಚಿದಳು. ಹೋಗುವ ತಲೆ ಕೆದರಿಕೊಂಡು ಹೋಗಬಾರದಲ್ಲ.

ಸಭೆಯಲ್ಲಿ ರಾಜ ಮೊದಲನೆಯ ಒಗಟು ಹೇಳಿದ. "ತುಳಿದಷ್ಟೂ ಬದುಕುತ್ತದೆ, ತುಳಿಯದೆ ಬಿಟ್ಟರೆ ಸಾಯುತ್ತದೆ. ಯಾವುದು?"

ಸಾಹುಕಾರನ ಮಗ "ಕುಂಬಾರನ ಮಣ್ಣು" ಎಂದ. ಮಂತ್ರಿ ಗರಿ ನೋಡಿ ಅಲ್ಲವೆಂದು ತಲೆಯಾಡಿಸಿದ. ಸಾಹುಕಾರನ ಮಗನಿಗೆ ಆಡಿಸಲು ತಲೆಯೇ ಉಳಿಯಲಿಲ್ಲ. ಪಾಳೆಯಗಾರನ ಮಗ ಮೀಸೆ ತಿರುವಿ "ಪ್ರಜೆಗಳು" ಎಂದ. ಅವನ ಮೀಸೆ ಅಷ್ಟು ದೂರ ಉರುಳಿತು. ಸರದಿಯಲ್ಲಿದ್ದ ಪಂಡಿತರಿಗೆ ಮನೆಯಲ್ಲಿ ಒಲೆ ಆರಿಸದೆ ಬಂದದ್ದು ನೆನಪಾಯಿತು.

ಮುಂದಿನ ಸರದಿ ಇನ್ನಾಸಪ್ಪನದು. ತಲೆ ಕಡಿಯುವ ಕೆಂಪ ಅವನ ಕಿವಿಯಲ್ಲಿ, "ಬೇಗ ಏನಾದರೂ ಹೇಳಪ್ಪ, ನನ್ನ ಊಟದ ಹೊತ್ತು ಮೀರಿತು," ಎಂದ.

ಇನ್ನಾಸಪ್ಪ ಇನ್ನೆಂದೂ ನಡೆಯಲಾಗದ ಮನೆಯ ದಾರಿಯನ್ನು ನೆನೆದುಕೊಂಡ.

"ಕಾಲುದಾರಿ, ಬುದ್ಧಿ. ನಮ್ಮ ಮನೆಗೆ ಬರುವವರು ಇರೋದರಿಂದ ಅದಿನ್ನೂ ಇದೆ. ಅಕ್ಕಪಕ್ಕದವರು ನಿಮ್ಮ ಆಜ್ಞೆಗೆ ಹೆದರಿ ಯಾರನ್ನೂ ಕರೀಲಿಲ್ಲ. ಅವರ ದಾರಿ ಹುಲ್ಲು ಬೆಳೆದು ಸತ್ತುಹೋಯಿತು."

ಮಂತ್ರಿ ಗರಿ ನೋಡಿ, ಸರಿಯೆಂದು ಕೆಳಗಿಟ್ಟ. ಕೆಂಪ ನಿಟ್ಟುಸಿರಿಟ್ಟು ಕತ್ತಿ ಊರಿದ.

"ಒಬ್ಬನಿಗೆ ಸಾಲುವುದಿಲ್ಲ, ಇಬ್ಬರಿಗೆ ಸಾಲುತ್ತದೆ," ಎಂದ ರಾಜ.

"ಹರಕು ಕಂಬಳಿ. ಒಬ್ಬನೇ ಹೊದ್ದರೆ ರಾತ್ರಿಯಿಡೀ ನಡುಕ. ಆ ಮುದುಕಪ್ಪನೂ ನಾನೂ ಒಟ್ಟಿಗೆ ಹೊದ್ದೆವು, ಇಬ್ಬರಿಗೂ ಬೆವರಿತು."

ಮಂತ್ರಿ ಎರಡನೆಯ ಗರಿಯನ್ನೂ ಸರಿಯೆಂದು ಕೆಳಗಿಟ್ಟ. ರಾಜ ಸಿಂಹಾಸನದಿಂದ ಮುಂದಕ್ಕೆ ಬಾಗಿದ. ಅವನ ದನಿ ಇಳಿದಿತ್ತು. "ಹೆಸರು ಕೇಳಿ ಕೂರಿಸಿಕೊಂಡೊಡನೆ ಇಲ್ಲವಾಗುವವನು ಯಾರು?"

ಮೂರು ಊಟದವರೆಗೆ ಹೆಸರನ್ನೇ ಕೇಳದ ಮನೆಯವನಿಗೆ ಇದೆಂಥ ಪ್ರಶ್ನೆ. ಕೆಂಪ ಕತ್ತಿಯನ್ನು ಮತ್ತೆ ಕೈಗೆತ್ತಿಕೊಂಡ. ಮೂರನೇ ಊಟ ಆಗಿದ್ದರೆ ಏನಾಗುತ್ತಿತ್ತೆಂದು ಇನ್ನಾಸಪ್ಪ ಮನಸ್ಸಿನಲ್ಲೇ ನಡೆಸಿ ನೋಡಿದ. ಅವ್ವ ಹೆಸರು ಕೇಳುತ್ತಿದ್ದಳು, ಮುದುಕ ಹೇಳುತ್ತಿದ್ದ.

"ಗುರುತಿಲ್ಲದವನು, ಬುದ್ಧಿ. ಹೆಸರು ಹೇಳಿ ಕೂತ ಮೇಲೆ ಅವನು ಗುರುತಿಲ್ಲದವನಲ್ಲ, ನಮ್ಮ ನೆಂಟ."

ಮಂತ್ರಿ ಗರಿಯನ್ನು ಎರಡು ಸಲ ಓದಿದ. "ಸರಿಯಾಗಿದೆ, ಪ್ರಭು. ಕೆಳಗೆ ರಾಣಿಯವರು ಇನ್ನೊಂದು ಸಾಲು ಬರೆದಿದ್ದಾರೆ. ನಾನೂ ಈ ಊರಿಗೆ ಹಾಗೆಯೇ ಬಂದವಳು, ಅಂತ."

ರಾಜ ಕಣ್ಣು ಮುಚ್ಚಿಕೊಂಡ. "ಏನು ಬೇಕು ಕೇಳು," ಎಂದ.

"ಆ ಮುದುಕಪ್ಪನನ್ನ ಕಳಿಸಿಕೊಡಿ."

ಸೆರೆಮನೆಯ ಕಾವಲುಗಾರ ನೆಲ ನೋಡಿದ. "ಬೆಳಗ್ಗೆಯೇ ಪ್ರಾಣ ಹೋಯಿತು, ಬುದ್ಧಿ. ನೀರು ಕೇಳಿದ್ದ. ಆಜ್ಞೆ ಇತ್ತಲ್ಲ."

ಇನ್ನಾಸಪ್ಪ ಅಲ್ಲೇ ಕುಸಿದು ಕೂತ. ಉಳಿದ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಆಜ್ಞೆ ಇವತ್ತಿಗೆ ರದ್ದು," ಎಂದ ರಾಜ. "ಬೇರೆ ಏನಾದರೂ ಕೇಳಪ್ಪ. ಅರ್ಧ ರಾಜ್ಯ ಇದೆ."

"ಹೆಣ ಕೊಡಿ ಸಾಕು. ಮಣ್ಣು ಮಾಡ್ತೀನಿ."

ಚಟ್ಟ ಕಟ್ಟಿದ್ದಾಯಿತು. ಒಂದು ಮೂಲೆಗೆ ಇನ್ನಾಸಪ್ಪ, ಇನ್ನೊಂದಕ್ಕೆ ಕಾವಲುಗಾರ, ಮೂರನೆಯದಕ್ಕೆ ಊಟ ಬಿಟ್ಟು ಬಂದ ಕೆಂಪ. ನಾಲ್ಕನೆಯದಕ್ಕೆ ಯಾರೂ ಬರಲಿಲ್ಲ. ಯಾವ ಕುಲದವನೋ ಏನೋ ಎಂದು ಸಭೆಯೆಲ್ಲ ಹಿಂದೆ ಸರಿಯಿತು. ಬೊಮ್ಮರಸ ಮೆಟ್ಟಿಲಿಳಿದು ಬಂದ. ಕಿರೀಟ ಬಿದಿರಿಗೆ ತಾಗುತ್ತಿತ್ತು. ಇಡಲು ಬೇರೆ ಜಾಗ ಕಾಣದೆ ತಲೆ ಕಡಿಯುವ ಕೊರಡಿನ ಮೇಲೆ ಅದನ್ನಿಟ್ಟು ಹೆಗಲು ಕೊಟ್ಟ.

ರಾಜ ಎತ್ತರದ ಆಳು. ಚಟ್ಟ ಒಂದು ಕಡೆಗೆ ವಾಲಿತು.

"ಸ್ವಲ್ಪ ಬಗ್ಗಿ ಬುದ್ಧಿ," ಎಂದ ಇನ್ನಾಸಪ್ಪ, "ಅವರು ಜಾರ್ತಾರೆ."

ರಾಜ ಬಗ್ಗಿದ. ಸಮಾಧಿಯವರೆಗೂ ಬಗ್ಗಿಯೇ ನಡೆದ.