ಸಿಂಗರಸ ಬಾವಿಗೆ ಬಿಟ್ಟುಬಂದದ್ದು

ಏಳು ಗುಡ್ಡಗಳ ಆಚೆ ಒಂದು ಸೀಮೆ ಇತ್ತಂತೆ. ಸಿಂಗರಸ ಅಂತ ಅದರ ರಾಜ. ಅವನಿಗೊಬ್ಬ ರಾಣಿ, ನಾಗಲೆ ಅಂತ ಪುಟ್ಟ ಮಗಳು. ಅರಮನೆಯ ಹಿಂದೆ ಒಂದು ಮೆಟ್ಟಿಲುಬಾವಿ.

ಆ ಸೀಮೆಯವರದೊಂದು ಪದ್ಧತಿ. ಕೆಟ್ಟ ಕನಸು ಬಿದ್ದರೆ ಬೆಳಗ್ಗೆ ಬಾವಿಗಿಳಿದು ನೀರಿಗೆ ಹೇಳುವುದು. "ಬೇಡ, ಬೇಡ, ಬೇಡ" ಅಂದು ಹಿಂತಿರುಗಿ ನೋಡದೆ ಬರುವುದು. ಕನಸು ನೀರಿನ ಪಾಲು. ಕನಸಲ್ಲದೆ ಬೇರೇನನ್ನೂ ಅಲ್ಲಿ ಹೇಳಬಾರದು ಅಂತ ಹಿರಿಯರು ಕಟ್ಟು ಮಾಡಿದ್ದರು.

ಒಂದು ವರ್ಷ ಶತ್ರುಗಳು ಗಡಿಗೆ ಬಂದರು. ಸಿಂಗರಸನ ಕೈ ನಡುಗಿತು. ಸೇನಾಪತಿ ಅದನ್ನು ನೋಡಿಬಿಟ್ಟ. ರಾಜ ಬಾವಿಗಿಳಿದ. "ಈ ಭಯ ಬೇಡ, ಬೇಡ, ಬೇಡ." ನೀರು ಬಾಯಿ ತೆರೆದ ಹಾಗೆ ಸುಳಿಯಿತು. ರಾಜ ನಗುತ್ತ ಯುದ್ಧಕ್ಕೆ ಹೋದ, ಗೆದ್ದು ಬಂದ.

ಮರುವರ್ಷ ತಪ್ಪು ಮಾಡದ ಮುದುಕನೊಬ್ಬನನ್ನು ಸೆರೆಗೆ ಹಾಕಿಸಿದ. ಮುದುಕ ಅಲ್ಲೇ ಸತ್ತ. ಆಮೇಲೆ ಸತ್ಯ ತಿಳಿಯಿತು. ರಾಜನಿಗೆ ತಲೆ ಎತ್ತಲಾಗಲಿಲ್ಲ. "ಈ ನಾಚಿಕೆ ಬೇಡ, ಬೇಡ, ಬೇಡ." ನೀರಿನೊಳಗೆ ಯಾರೋ ಕೆಮ್ಮಿದರು.

ಮೂರನೆಯ ವರ್ಷ ರಾಣಿ ತೀರಿಕೊಂಡಳು. "ಈ ದುಃಖ ಬೇಡ, ಬೇಡ, ಬೇಡ."

"ಕೊಡು," ಅಂದಿತು ನೀರು.

ರಾಜನಿಗೆ ದಿನಾ ಕ್ಷೌರ ಮಾಡುತ್ತಿದ್ದವನು ದುಗ್ಗಣ್ಣ. ಒಂದು ಬೆಳಗ್ಗೆ ಅವನು ಕತ್ತಿ ಕೆಳಗಿಟ್ಟ.

"ಬುದ್ಧೀ, ಎಂಟು ದಿನದಿಂದ ನಿಮ್ಮ ಕೆನ್ನೆಯಲ್ಲಿ ಒಂದು ಕೂದಲೂ ಸಿಕ್ಕಿಲ್ಲ."

"ಕೆಲಸ ಕಡಿಮೆಯಾಯಿತು. ಖುಷಿಪಡೋ."

"ಏನು ಖುಷಿ ಬುದ್ಧೀ. ಹೆಣಕ್ಕಾದರೂ ಒಂದು ದಿನ ಗಡ್ಡ ಬಂದ ಹಾಗೆ ಕಾಣುತ್ತೆ."

ಹಿಂದಿನ ಸಿಂಗರಸನಾಗಿದ್ದರೆ ಸಿಟ್ಟಾಗುತ್ತಿದ್ದ. ಈತ ಸುಮ್ಮನೆ ಗೋಡೆ ನೋಡಿದ.

ಅಂದಿನಿಂದ ನಡುಮಧ್ಯಾಹ್ನ ಬಾವಿಯೊಳಗೆ ಅಳು ಕೇಳತೊಡಗಿತು. ರಾಜನದೇ ದನಿ. ಅಮ್ಮ ಸತ್ತಾಗ ಅಪ್ಪ ಒಂದು ಹನಿ ಕಣ್ಣೀರು ಹಾಕಿರಲಿಲ್ಲ; ಬಾವಿಯಲ್ಲಿ ಅಳುತ್ತಿದ್ದಾನೆ ಅಂದುಕೊಂಡಳು ನಾಗಲೆ. ಮೊದಲ ದಿನ ಮೇಲಿನ ಮೆಟ್ಟಿಲಲ್ಲಿ ಕೂತಳು. ಎರಡನೆಯ ದಿನ ನಡುವಿನ ಮೆಟ್ಟಿಲಲ್ಲಿ. ಮೂರನೆಯ ದಿನ ಅವಳ ಪಾದಕ್ಕೆ ನೀರು ತಾಗುತ್ತಿತ್ತು.

ಅವಳನ್ನು ಹುಡುಕಿಕೊಂಡು ಬಂದ ದುಗ್ಗಣ್ಣ ಇಣುಕಿದ. ಸೊಂಟದವರೆಗಿನ ನೀರಿನಲ್ಲಿ ಸಿಂಗರಸ ನಿಂತಿದ್ದ. ಅದೇ ಮೂಗು, ಅದೇ ಹುಬ್ಬು. ಕೆನ್ನೆಯ ತುಂಬ ಗಡ್ಡ. ಆ ನೀರಿನ ರೂಪ ಮಗುವಿನ ಮುಂಗೈ ಹಿಡಿದಿತ್ತು.

"ಇನ್ನೊಂದೇ ಮೆಟ್ಟಿಲು, ಮಗಳೇ. ಇಬ್ಬರೂ ಕೂತು ಅಮ್ಮನಿಗಾಗಿ ಅಳೋಣ."

"ಬರ್ತೀನಿ. ಮೇಲಿನ ಅಪ್ಪ ಅಳೋದೇ ಇಲ್ಲ."

ದುಗ್ಗಣ್ಣ ಓಡಿಹೋಗಿ ರಾಜನನ್ನು ಎಳೆದು ತಂದ. ರಾಜ ದಡದಲ್ಲಿ ನಿಂತು, ಚಿತ್ರ ನೋಡುವವನ ಹಾಗೆ ಕೆಳಗೆ ನೋಡಿದ.

"ಹೌದು, ಮುಳುಗುತ್ತಾಳೆ," ಅಂದ. ಕಾಲು ಮಾತ್ರ ಎತ್ತಲಿಲ್ಲ. ಅವನನ್ನು ಓಡಿಸಬೇಕಾಗಿದ್ದ ಭಯ ನೀರಿನಲ್ಲಿತ್ತು.

ಕೈ ಹಾಕಿ ಎಳೆದರೆ ಅದು ಮಗುವನ್ನು ಒಳಕ್ಕೆ ಸೆಳೆದೀತು. ದುಗ್ಗಣ್ಣ ಮೆಲ್ಲಗೆ ಇಳಿದು ಕೈ ಮುಗಿದ.

"ಅಡ್ಡಬಿದ್ದೆ ಬುದ್ಧೀ. ನಾಳೆ ಸಿಂಹಾಸನ ಏರೋರು ನೀವೇ ತಾನೆ? ಈ ಗಡ್ಡದಲ್ಲಿ ಏರ್ತೀರಾ?"

ಅದಕ್ಕೆ ಖುಷಿಯಾಯಿತು. ಕತ್ತು ಚಾಚಿತು. ದುಗ್ಗಣ್ಣ ಬಲಗೆನ್ನೆ ಬೋಳಿಸಿದ. ಆಮೇಲೆ ಕತ್ತಿಯನ್ನು ಗಂಟಲಿಗೆ ತಂದು ಅಲ್ಲೇ ನಿಲ್ಲಿಸಿದ.

"ಅಲುಗಾಡಬೇಡಿ. ನನಗೆ ವಯಸ್ಸಾಯಿತು, ಕೈ ಜಾರುತ್ತೆ."

ಅದು ಗಡಗಡ ನಡುಗಿತು. "ಇದೇನಿದು ನಡುಕ! ಬೇಡ, ಬೇಡ, ಬೇಡ!"

ಅದು ಬೇಡವೆಂದ ಭಯ ಒಡೆಯನಿಗೇ ಮರಳಿತು. ದಡದ ಮೇಲೆ ಸಿಂಗರಸ ಕಿರುಚಿದ. ನಾಲ್ಕು ನಾಲ್ಕು ಮೆಟ್ಟಿಲು ಹಾರಿ ಬಂದು ಮಗಳನ್ನು ಕಿತ್ತುಕೊಂಡ.

"ಇವತ್ತು ಒಯ್ಯಿ," ಅಂದಿತು ಅದು. "ಅಳೋ ಅಪ್ಪ ನಾನೇ. ನಾಳೆ ಅವಳೇ ಬರ್ತಾಳೆ."

"ಬಂದರೂ ಯಾವ ಕಡೆಯ ಅಪ್ಪನನ್ನು ಮಾತಾಡಿಸಬೇಕು?" ಅಂದ ದುಗ್ಗಣ್ಣ. "ಬೋಳಿಸಿದ ಕಡೆಯೋ, ಬೋಳಿಸದ ಕಡೆಯೋ?"

ನಾಗಲೆ ಕಿಸಕ್ಕನೆ ನಕ್ಕಳು. ಅದು ನೀರಿನಲ್ಲಿ ತನ್ನ ಅರ್ಧ ಮುಖ ಕಂಡು ಎರಡೂ ಕೈಯಿಂದ ಮುಚ್ಚಿಕೊಂಡಿತು. "ಥೂ, ಈ ನಾಚಿಕೆ ಬೇಡ, ಬೇಡ, ಬೇಡ!"

ಸೆರೆಯಲ್ಲಿ ಸತ್ತ ಮುದುಕ ರಾಜನ ಕಣ್ಣಮುಂದೆ ಬಂದ. ಸಿಂಗರಸ ಮೆಟ್ಟಿಲ ಮೇಲೆ ಕುಸಿದ.

ದುಃಖವನ್ನು ಮಾತ್ರ ಅದು ಎದೆಗೆ ಅವುಚಿಕೊಂಡಿತು. ದುಗ್ಗಣ್ಣನ ಹತ್ತಿರ ಬೇರೆ ಉಪಾಯವಿರಲಿಲ್ಲ. ಆಗ ಸಿಂಗರಸನೇ ಎದ್ದು ನೀರಿಗಿಳಿದ.

"ಅದು ನನ್ನ ಹೆಂಡತಿಯ ದುಃಖ. ನನಗೆ ಬೇಕು."

"ಭಾರ ಇದೆ."

"ಇರಲಿ."

"ಸಾಯೋತನಕ ಇಳಿಯೋಲ್ಲ."

"ಇರಲಿ. ಕೊಡು."

ಬಿಸಾಡಲು ಬಂದವರನ್ನಷ್ಟೇ ಕಂಡಿದ್ದ ಆ ನೀರಿಗೆ, ಬೇಕು ಅನ್ನುವ ಒಡೆಯನ ಮುಂದೆ ಬಲವಿರಲಿಲ್ಲ. ಮೂಗು ಕರಗಿತು, ಹುಬ್ಬು ಕರಗಿತು, ಬಾಯಿ ಕೊನೆಗೆ ಕರಗಿತು. ಬರಿಯ ನೀರು ಉಳಿಯಿತು.

ಸಿಂಗರಸ ಬಿಕ್ಕಿ ಬಿಕ್ಕಿ ಅತ್ತ. ನಾಗಲೆ ಪಕ್ಕದಲ್ಲಿ ಕೂತು ಅವನ ಮುಖ ಒರೆಸಿದಳು.

"ಅಪ್ಪಾ, ಇನ್ನೂ ಎಷ್ಟು ದಿನ ಅಳ್ತೀಯಾ?"

"ಗೊತ್ತಿಲ್ಲ, ಮಗಳೇ."

"ಹಾಗಾದರೆ ಊಟ ಮಾಡಿ ಬಂದು ಅಳೋಣ."

ಇಬ್ಬರೂ ಕೈ ಹಿಡಿದು ಮೆಟ್ಟಿಲು ಹತ್ತಿದರು.

ಮಕ್ಕಳೇ, ಇಷ್ಟು ತಿಳಿಯಿರಿ. ಭಯವಾಗಲಿ, ನಾಚಿಕೆಯಾಗಲಿ, ದುಃಖವಾಗಲಿ, ನಮ್ಮೊಳಗೆ ಹುಟ್ಟಿದ್ದನ್ನು ನಾವೇ ಸಾಕಬೇಕು. ಹೊರಗೆ ಹಾಕಿದರೆ ಅದು ಸಾಯುವುದಿಲ್ಲ. ಬೇರೆ ಯಾರೋ ಸಾಕುತ್ತಾರೆ. ಆಮೇಲೆ ಅದು ಅವರ ಮಾತು ಕೇಳುತ್ತದೆ.