ದಾಸಪ್ಪ ಎಲ್ಲಿ ಹೋದ?

ಅಡುಗೆಯ ಪದ್ಮನಾಭ ಭಟ್ಟರ ಯಕೃತ್ತಿನಲ್ಲಿ ಒಂದು ರಾಜ್ಯವಿತ್ತು. ಜೀವಕೋಶ ಅಂತ ನಾವು ಕರೆಯುವುದು ಅದನ್ನೇ. ಕಣ್ಣಿಗೆ ಕಾಣದಷ್ಟು ಚಿಕ್ಕದು. ಆದರೆ ಅಲ್ಲಿನ ರಾಜ ಕೇಂದ್ರಸೇನನ ಜಂಬ ಮಾತ್ರ ಭಟ್ಟರ ಹೊಟ್ಟೆಗಿಂತ ದೊಡ್ಡದು.

ಆ ರಾಜ್ಯದಲ್ಲಿ ಆಳುಕಾಳುಗಳಿಂದ ಹಿಡಿದು ಕಂಬ, ಬಾಗಿಲು, ಬಟ್ಟೆಯವರೆಗೆ ಎಲ್ಲವೂ ಪ್ರೋಟೀನೇ, ಅಂದರೆ ಪೋಣಿಸಿದ ಮಣಿಸರ. ಸರ ಸೊಟ್ಟಗಾದರೆ ಅದರ ಬೆನ್ನಿಗೆ ಚೀಟಿ ಅಂಟಿಸುತ್ತಿದ್ದರು. ಚೀಟಿ ಬಿದ್ದವರು ಸಾಕವ್ವನ ಒರಳಿಗೆ ಹೋಗಬೇಕು. ಅವಳು ಚೀಟಿ ಕಿತ್ತು ಮುಂದಿನವರಿಗೆಂದು ಎತ್ತಿಟ್ಟು, ಸರವನ್ನು ಬಿಡಿಬಿಡಿ ಮಣಿ ಮಾಡುತ್ತಿದ್ದಳು.

ಒಂದು ಬೆಳಿಗ್ಗೆ ರಾಜ ಎದ್ದು ನೋಡಿದರೆ ಬಾಗಿಲಲ್ಲಿ ಮುದುಕ ದಾಸಪ್ಪ ಇಲ್ಲ. ರಾಜ ಪಟ್ಟವೇರಿದ ದಿನದಿಂದ ಬಾಗಿಲು ಕಾದವನು. ವಿಚಾರಿಸಿದರೆ, ಒರಳಿಗೆ ಹೋದನಂತೆ. ರಾಜನಿಗೆ ದುಃಖ ಉಕ್ಕಿ ಬಂತು, ಅದರ ಹಿಂದೆಯೇ ಸಿಟ್ಟು.

"ಕೊಲೆಗಡುಕಿ! ಈ ಸಾಕವ್ವನನ್ನು ಗಡಿಯಾಚೆ ಅಟ್ಟಿ! ನನ್ನ ರಾಜ್ಯದಲ್ಲಿ ಇನ್ನು ಒಂದು ಸರವೂ ಮುರಿಯಕೂಡದು. ಇವಳು ಮುರಿದ ಮಣಿಯಿಂದ ಮಾಡಿದ್ದು ಏನೂ ನನ್ನ ಕಣ್ಣಿಗೆ ಬೀಳಬಾರದು!"

ಸಾಕವ್ವ ಗಳಗಳ ಅತ್ತಳು. "ಗಡಿ ದಾಟಿದರೆ ನಾನು ಉಳೀತೀನಾ ಬುದ್ಧಿ?"

ಮಂತ್ರಿ ಕಿಣ್ವಯ್ಯ ಮಾತ್ರ ತಲೆಬಾಗಿ ಕೇಳಿದ: "ಅಪ್ಪಣೆ ಪ್ರಭು. ಆ ಮಣಿಗಳಿಂದ ಮಾಡಿದ್ದನ್ನೆಲ್ಲ ಹೊರಗೆ ಹಾಕಿಸಲೇ?"

"ಎಲ್ಲ! ಈಗಲೇ!"

ಕಿಣ್ವಯ್ಯ ಚಪ್ಪಾಳೆ ತಟ್ಟಿದ. ಆಳುಗಳು ಬಾಗಿಲು ಕಿತ್ತರು. ಕಂಬ ಹೊತ್ತೊಯ್ದರು. ಸಿಂಹಾಸನ ಎಳೆದಾಗ ರಾಜ ನೆಲಕ್ಕೆ ಕುಕ್ಕರಿಸಿದ. ಕಡೆಗೆ ಕಿಣ್ವಯ್ಯ ರಾಜನ ಪಂಚೆಯ ಅಂಚು ಹಿಡಿದ.

"ಏಯ್! ಬಿಡಯ್ಯ! ಇದು ಈಗಷ್ಟೇ ನೇಯ್ದ ಹೊಸ ಪಂಚೆ!"

"ಇವತ್ತು ಏಕಾದಶಿ ಪ್ರಭು. ಭಟ್ಟರದು ನಿರಾಹಾರ. ಹೊರಗಿನಿಂದ ಒಂದು ಮಣಿಯೂ ಬಂದಿಲ್ಲ. ಹೊಸ ಪಂಚೆಗೆ ಮಣಿ ಎಲ್ಲಿಂದ ಬಂತು ಅಂತೀರಿ?"

ರಾಜ ಎರಡೂ ಕೈಯಲ್ಲಿ ಪಂಚೆ ಭದ್ರ ಮಾಡಿಕೊಂಡ. "ಎಲ್ಲಿಂದ?"

"ದಾಸಪ್ಪನಿಂದ. ಬೆನ್ನು ಸೊಟ್ಟಗಾಗಿ ಬಾಗಿಲಿಗೆ ಅಡ್ಡ ಬಿದ್ದಿದ್ದ. ಸಾಕವ್ವ ಬಿಡಿಸಿದಳು, ನೇಕಾರರು ಮತ್ತೆ ಪೋಣಿಸಿದರು. ಇಷ್ಟು ದಿನ ನಿಮ್ಮ ಬಾಗಿಲು ಕಾದ, ಈಗ ನಿಮ್ಮ ಮಾನ ಕಾಯುತ್ತಿದ್ದಾನೆ. ಅವನನ್ನೂ ಹೊರಗೆ ಹಾಕಲೇ?"

ರಾಜ ಪಂಚೆಯ ಮೇಲೆ ಮೆಲ್ಲಗೆ ಕೈಯಾಡಿಸಿದ. ಕಣ್ಣು ಒದ್ದೆಯಾಯಿತು. ಆಮೇಲೆ ತಡೆಯಲಾರದೆ ನಕ್ಕುಬಿಟ್ಟ. ಬಾಗಿಲು, ಕಂಬ ವಾಪಸು ಬಂದವು. ಸಾಕವ್ವ ಕಣ್ಣೊರೆಸಿಕೊಂಡು ಒರಳಿಗೆ ಮರಳಿದಳು.

"ನಿನಗೇನು ಬೇಕು ಕೇಳು, ಕಿಣ್ವಯ್ಯ."

"ನನ್ನ ಬೆನ್ನಿಗೂ ಒಂದು ದಿನ ಚೀಟಿ ಬೀಳುತ್ತೆ ಪ್ರಭು. ಆಗ ನನ್ನನ್ನು ಕಿರೀಟ ಮಾಡಿ, ಕಂಬ ಮಾಡಿ, ಏನು ಬೇಕಾದರೂ ಮಾಡಿ. ನಿಮ್ಮ ಪಂಚೆ ಮಾತ್ರ ಮಾಡಬೇಡಿ."