ಕಲ್ಲು ನೆಡು

ಗುರು ನಿರ್ವಾಣಯ್ಯನವರ ಆಶ್ರಮ ಇದ್ದದ್ದು ಗುಡ್ಡದ ಇಳಿಜಾರಿನಲ್ಲಿ. ಪ್ರತಿ ಮಳೆಗಾಲವೂ ಮೇಲಿನ ಮಣ್ಣು ಜಾರಿ ಅಡುಗೆಮನೆಯ ಬಾಗಿಲಿಗೇ ಬಂದು ನಿಲ್ಲುತ್ತಿತ್ತು.

ಶಿಷ್ಯೆ ಮುಕ್ತಾಂಬೆ ಅಲ್ಲಿಗೆ ಬಂದು ಮೂರು ತಿಂಗಳಾಗಿತ್ತು. ಅದು ಅವಳ ನಾಲ್ಕನೆಯ ಆಶ್ರಮ. ಮೊದಲನೆಯದನ್ನು ಅನ್ನ ಸೀದುಹೋಯಿತೆಂದು ಬಿಟ್ಟಿದ್ದಳು, ಎರಡನೆಯದನ್ನು ಭಜನೆಯಲ್ಲಿ ತಾಳ ತಪ್ಪಿತೆಂದು. ಮೂರನೆಯದರ ಸುದ್ದಿ ಎತ್ತುತ್ತಲೇ ಇರಲಿಲ್ಲ. ಇಲ್ಲಿಯೂ ಅವಳ ಬಟ್ಟೆಯ ಗಂಟು ಹಗ್ಗ ಬಿಗಿದುಕೊಂಡೇ ಮೂಲೆಯಲ್ಲಿ ಕೂತಿತ್ತು. ಆದರೆ ಈ ಸಲ ಅವಳಿಗೆ ಹೋಗುವ ಮನಸ್ಸಿರಲಿಲ್ಲ.

ಒಂದು ದಿನ ಅವಳು ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ತಂದು ತೋರಿಸಿದಳು. ಅದರಲ್ಲಿ ಜಪಾನಿನ ತೋಟದ ಚಿತ್ರ. ಇಳಿಜಾರು, ಕಲ್ಲು, ಪಾಚಿ, ಸೊಟ್ಟ ದಾರಿ.

"ಗುರುಗಳೇ, ಇಂಥದ್ದೊಂದು ಮಾಡಲಾ? ಚಂದವೂ ಆಗ್ತದೆ, ಮಣ್ಣೂ ನಿಲ್ತದೆ."

"ಮಾಡು. ಮೊದಲು ಕಲ್ಲು ನೆಡು."

ಮುಕ್ತಾಂಬೆ ಸೆರಗು ಅಡ್ಡ ಹಿಡಿದು ನಕ್ಕಳು. ಗಿಡ ನೆಡುತ್ತಾರೆ, ಕಲ್ಲು ಇಡುತ್ತಾರೆ. ಗುರುಗಳಿಗೆ ವಯಸ್ಸಾಯಿತು ಅಂದುಕೊಂಡಳು.

ಗುಡ್ಡದ ನೆತ್ತಿಯಿಂದ ಹನ್ನೊಂದು ಕಲ್ಲು ಉರುಳಿಸಿ ತಂದಳು. ಚಿತ್ರ ನೋಡಿ ನೋಡಿ ಒಂದೊಂದನ್ನೂ ಜೋಡಿಸಿದಳು. ನಡುವೆ ಜರಿಗಿಡ ನೆಟ್ಟಳು.

"ಇಟ್ಟಾಯ್ತು ಗುರುಗಳೇ."

"ನೆಟ್ಟಾಯ್ತಾ?"

"ಅದೇ, ಇಟ್ಟಾಯ್ತು."

ಗುರುಗಳು ಮಜ್ಜಿಗೆಯ ಲೋಟ ಹಿಡಿದು ಬಂದು ಎಲ್ಲಕ್ಕಿಂತ ದೊಡ್ಡ ಕಲ್ಲಿನ ಮೇಲೆ ಕೂತರು. ಕಲ್ಲು ವಾಲಿತು, ಗುರುಗಳೂ ವಾಲಿದರು. ಕಲ್ಲು ಉರುಳಿ ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಿತು. ಗುರುಗಳು ಅರಿಸಿನದ ಪಾತಿಯಲ್ಲಿ ಕೂತಿದ್ದರು. ಗಡ್ಡದ ತುಂಬ ಮಜ್ಜಿಗೆ. ನಗು ತಡೆಯಲಾರದೆ ಅವರಿಗೆ ಏಳಲೂ ಆಗಲಿಲ್ಲ.

ಮುಕ್ತಾಂಬೆಗೆ ನಗು ಬರಲಿಲ್ಲ. ಒಳಗೆ ಹೋಗಿ ಗಂಟು ಎತ್ತಿಕೊಂಡು ಬಂದಳು.

"ಎಲ್ಲಿಗೆ?"

"ತೋಟ ನಿಲ್ಲಲಿಲ್ಲ. ನಿಮ್ಮನ್ನೂ ಬೀಳಿಸಿದೆ. ಹೋಗ್ತೀನಿ."

"ಬಿದ್ದದ್ದು ನಾನು, ಹೊರಟದ್ದು ನೀನು. ಹೋಗುವಿಯಂತೆ. ಮೊದಲು ಆ ಕಲ್ಲು ಮೇಲೆ ಹತ್ತಿಸು. ಬಾಗಿಲಿಗೆ ಅಡ್ಡ ಕೂತಿದೆ, ನಾನು ಊಟಕ್ಕೆ ಹೋಗೋದು ಹೇಗೆ?"

"ಎಳೆಯೋಕೆ ಹಗ್ಗ ಬೇಕಲ್ಲ?"

ಗುರುಗಳು ಅವಳ ಗಂಟನ್ನು ನೋಡಿದರು.

ಅವಳು ಹಗ್ಗ ಬಿಚ್ಚಿದಳು. ಬಟ್ಟೆಗಳನ್ನು ಒಳಗೆ ಹಾಕಿ ಬಂದಳು. ಇಬ್ಬರೂ ಸೇರಿ ಕಲ್ಲನ್ನು ಎಳೆದು ತಂದರು. ಗುರುಗಳು ಮೊಣಕಾಲುದ್ದ ಗುಂಡಿ ತೋಡಿ ಅದನ್ನು ಒಳಗಿಳಿಸಿದರು. ಎರಡು ಪಾಲು ಮಣ್ಣಿಗೆ ಹೋಯಿತು, ಒಂದು ಪಾಲು ಮೇಲೆ ಉಳಿಯಿತು.

"ಅಯ್ಯೋ, ಚಂದದ ಭಾಗವೆಲ್ಲ ಒಳಗೆ ಹೋಯ್ತಲ್ಲ ಗುರುಗಳೇ. ಇನ್ನು ಅದು ಯಾರಿಗೆ ಕಾಣ್ತದೆ?"

"ಗುಡ್ಡಕ್ಕೆ ಕಾಣ್ತದೆ."

ಮುಕ್ತಾಂಬೆ ಕಲ್ಲನ್ನು ಎರಡೂ ಕೈಯಿಂದ ತಳ್ಳಿ ನೋಡಿದಳು, ಅದು ಕದಲಲಿಲ್ಲ. ಆಮೇಲೆ ಅವರ ಕೈಯಿಂದ ಹಾರೆ ತೆಗೆದುಕೊಂಡಳು.

ಉಳಿದ ಹತ್ತು ಕಲ್ಲಿಗೆ ಹತ್ತು ದಿನ ಹಿಡಿಯಿತು. ಹನ್ನೊಂದನೆಯ ದಿನ ಮಧ್ಯಾಹ್ನ ಮಳೆ ಬಂತು. ಅವಳು ಜಗಲಿಯ ಕಂಬ ಹಿಡಿದುಕೊಂಡು ನೋಡುತ್ತ ನಿಂತಳು.

ಕೆಂಪು ನೀರು ಮೇಲಿನಿಂದ ನುಗ್ಗಿ ಬಂತು. ಮೊದಲ ಕಲ್ಲಿನ ಹತ್ತಿರ ಎರಡಾಗಿ ಸೀಳಿತು. ಎರಡನೆಯದನ್ನು ಸುತ್ತಿ ಹೋಯಿತು. ಜರಿಗಿಡಗಳ ಬುಡದಲ್ಲಿ ಮಣ್ಣು ಬಿಟ್ಟು, ಅಡುಗೆಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಬರೀ ತೆಳ್ಳನೆಯ ಒಂದು ಗೆರೆಯಾಗಿತ್ತು.

ಅವಳಿಗಾದ ಸಂತೋಷ ಅಷ್ಟಿಷ್ಟಲ್ಲ. ಮಳೆಯಲ್ಲೇ ಓಡಿಹೋಗಿ ಒಂದೊಂದು ಕಲ್ಲನ್ನೂ ಮುಟ್ಟಿ ಬಂದಳು.

"ಒಂದೂ ಕದಲಿಲ್ಲ ಗುರುಗಳೇ. ನೆಟ್ಟ ಹಾಗೇ ಇವೆ."

"ಏನಂದೆ?"

"ನೆಟ್ಟ ಹಾಗೇ," ಅಂದಳು ಮುಕ್ತಾಂಬೆ. ಅಂದವಳಿಗೆ ತಾನೇ ನಗು ಬಂತು. ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

ಒದ್ದೆ ಸೀರೆ ಬದಲಿಸಲು ಒಳಗೆ ಹೋದಳು. ಅವಳ ಬಟ್ಟೆಗಳು ಹನ್ನೊಂದು ದಿನದಿಂದ ಹರಡಿಕೊಂಡೇ ಬಿದ್ದಿದ್ದವು. ಅಭ್ಯಾಸಬಲ, ಅವುಗಳನ್ನು ಕೂಡಿಸಿ ಗಂಟು ಮಾಡಲು ಕೂತಳು. ಮೂಲೆಯಲ್ಲಿ ಹುಡುಕಿದಳು, ಜಗಲಿಯಲ್ಲಿ ಹುಡುಕಿದಳು.

"ಗುರುಗಳೇ, ನನ್ನ ಹಗ್ಗ ಎಲ್ಲಿ?"

"ಮಲ್ಲಿಗೆ ಬಳ್ಳಿಗೆ ಕಟ್ಟಿದ್ದೀನಿ. ಅದು ಹಬ್ಬಿ ಮುಗಿಸಲಿ, ಆಮೇಲೆ ಬಿಚ್ಚಿಕೊಂಡು ಹೋಗು."